ಸೋರುವ ಬೋಟು, ಹಿರಿಯ ಆಚಾರ್ರು

ನಮ್ಮ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿಯ ಬೋಟುಗಳಿಗೆ ಅದು ದುರಸ್ತಿಯ ಕಾಲ.

ಮರದ ಬೋಟಿನಲ್ಲಿ ಸೋರಿಕೆ ಹುಡುಕುವುದು ಬಲು ಕಷ್ಟ. ಒಳಗೆ ನೀರು ಕಾಣಿಸುವ ಜಾಗ ಒಂದು, ಅದು ಹೊಕ್ಕ ಸಂದು ಇನ್ನೊಂದು. ಹಲಗೆಗಳ ನಡುವೆಯೇ ಹರಿದು ಎಲ್ಲೋ ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ಕಂಡಕಂಡಲ್ಲಿ ಅಂಟು ಮೆತ್ತಿದರೆ ಹಣ ಹೋಗುತ್ತದೆ, ಸೋರಿಕೆ ಹೋಗುವುದಿಲ್ಲ. ಅನುಭವಿ ಆಚಾರ್ರು, ಅಂದರೆ ಬೋಟಿನ ಮರಗೆಲಸದವರು, ಬಂದರೆ ಮೊದಲಿಗೇ ಉಳಿ ಹಿಡಿಯುವುದಿಲ್ಲ. ದಡದಲ್ಲಿ ನಿಂತ ಬೋಟಿನೊಳಗೆ ಒಂದಿಷ್ಟು ನೀರು ಹೊಯ್ಸಿ, ಹೊರಗೆ ಎಲ್ಲಿ ತೊಟ್ಟಿಕ್ಕುತ್ತದೆ ಎಂದು ತಾಳ್ಮೆಯಿಂದ ನೋಡುತ್ತಾರೆ. ಹಲಗೆಗಳನ್ನು ಬಡಿದು, ಸದ್ದಿನಿಂದಲೇ ಲಡ್ಡಾದ ಮರವನ್ನು ಗುರುತಿಸುತ್ತಾರೆ. ಸಂದಿಗೆ ಹತ್ತಿ ತುರುಕುವ ಕೆಲಸ ಆಮೇಲಿನದು.

ಫೈಬರ್ ಬೋಟುಗಳು ಹೆಚ್ಚಿದಂತೆ ಇಂಥ ಕಿವಿ, ಇಂಥ ಕೈ ಕಡಿಮೆಯಾಗುತ್ತಿವೆ. ನನಗಿದು ನಿಜಕ್ಕೂ ಆತಂಕದ ಸಂಗತಿ. ನಡುಗಡಲಲ್ಲಿ ನೀರು ನುಗ್ಗಿದರೆ ಅಪಾಯ ಬೋಟಿಗಷ್ಟೇ ಅಲ್ಲ, ಅದರಲ್ಲಿದ್ದವರ ಜೀವಕ್ಕೂ.

ಬೋಟಿನ ಮಾಲೀಕರೇ, ಈ ಮಳೆಗಾಲದಲ್ಲಿ ಹಿರಿಯ ಆಚಾರ್ರೊಬ್ಬರನ್ನು ಕರೆಯಿರಿ, ತಕ್ಕ ಮಜೂರಿ ಕೊಡಿ. ಕಲಿಯುವ ಮನಸ್ಸಿರುವ ಹುಡುಗರನ್ನು ಅವರ ಪಕ್ಕದಲ್ಲಿ ನಿಲ್ಲಿಸಿ.