ಚಿತ್ರ ತಂತ್ರಾಂಶಗಳಲ್ಲಿ ಕನ್ನಡ ಒಡೆಯುವುದೇಕೆ, ಸರಿಪಡಿಸುವುದು ಹೇಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಸಭೆಯ ಸೂಚನೆ, ನೀರಿನ ಕರದ ಪ್ರಕಟಣೆ, ಹಸಿ ಕಸ ಒಣ ಕಸದ ತಿಳಿವಳಿಕೆ ಇವೆಲ್ಲ ಇಂದು ಚಿತ್ರಸಹಿತ ಭಿತ್ತಿಪತ್ರಗಳಾಗಿ ಹೊರಬರುತ್ತವೆ. ಪಂಚಾಯಿತಿಯ ಗಣಕಯಂತ್ರದಲ್ಲೋ ಪಟ್ಟಣದ ಮುದ್ರಣದ ಅಂಗಡಿಯಲ್ಲೋ ಫೋಟೋಶಾಪ್, ಕೋರೆಲ್‌ಡ್ರಾ, ಇಂಕ್‌ಸ್ಕೇಪ್ ಮುಂತಾದ ತಂತ್ರಾಂಶಗಳಲ್ಲಿ ಅವು ಸಿದ್ಧವಾಗುತ್ತವೆ. ಚಿತ್ರ ಚೆನ್ನಾಗಿಯೇ ಮೂಡುತ್ತದೆ; ಕನ್ನಡ ಮಾತ್ರ ಒಡೆಯುತ್ತದೆ. ‘ಗ್ರಾಮ’ ಎಂದಿರಬೇಕಾದಲ್ಲಿ ‘ಗ್‌ರಾಮ’, ‘ಕಾರ್ಯ’ ಎಂದಿರಬೇಕಾದಲ್ಲಿ ‘ಕಾರ್‌ಯ’. ಓದಲಾಗದ ಪ್ರಕಟಣೆ ಅಂಟಿಸಿಯೂ ಅಂಟಿಸದಂತೆ. ಗ್ರಾಮ ಸಭೆಗೆ ಜನ ಬರಲಿಲ್ಲವೆಂದು ದೂರುವ ಮೊದಲು, ಅವರ ಬೀದಿಯ ಗೋಡೆಯ ಮೇಲಿನ ಸೂಚನೆ ಓದುವಂತಿತ್ತೇ ಎಂದು ನೋಡುವುದು ನ್ಯಾಯ.

ಕೇಳಿದರೆ ದೊರೆಯುವ ಉತ್ತರ ಒಂದೇ: ‘ಈ ಸಾಫ್ಟ್‌ವೇರ್‌ನಲ್ಲಿ ಕನ್ನಡ ಬರುವುದಿಲ್ಲ.’ ಈ ಉತ್ತರವನ್ನು ಒಪ್ಪಬೇಕಾಗಿಲ್ಲ. ಅಕ್ಷರ ಯಾವ ರೀತಿಯಲ್ಲಿ ಕೆಟ್ಟಿದೆ ಎಂಬುದನ್ನು ಕಣ್ಣಿನಿಂದ ನೋಡಿಯೇ ದೋಷದ ಮೂಲವನ್ನು ಬಹುಮಟ್ಟಿಗೆ ಗುರುತಿಸಬಹುದು.

ಒತ್ತಕ್ಷರ ಬಿಡಿಬಿಡಿಯಾಗಿ ನಿಂತಿದ್ದರೆ ಮೂಲ ಪಠ್ಯದಲ್ಲಿ ತಪ್ಪಿಲ್ಲವೆಂದೇ ತಿಳಿಯಬೇಕು. ಯೂನಿಕೋಡ್ ಪದ್ಧತಿಯಲ್ಲಿ ‘ಗ್ರಾ’ ಎಂಬುದು ಒಂದೇ ಅಕ್ಷರವಾಗಿ ಶೇಖರವಾಗುವುದಿಲ್ಲ. ಗಕಾರ, ಅದರ ಮುಂದೆ ವಿರಾಮ ಚಿಹ್ನೆ, ರಕಾರ, ಆಮೇಲೆ ಆಕಾರದ ದೀರ್ಘ ಎಂದು ನಾಲ್ಕು ಸಂಕೇತಗಳಾಗಿ ಶೇಖರವಾಗುತ್ತದೆ. ಅವನ್ನು ಕೂಡಿಸಿ ಒತ್ತನ್ನು ಕೆಳಗಿಡುವುದು, ಅರ್ಕಾವೊತ್ತನ್ನು ಮುಂದಕ್ಕೆ ಸರಿಸುವುದು ತಂತ್ರಾಂಶ ಮತ್ತು ಅಕ್ಷರಶೈಲಿ ಎರಡೂ ಸೇರಿ ಮಾಡುವ ಕೆಲಸ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಈ ಜೋಡಣೆ ಬೇರೊಂದು ಆಯ್ಕೆಯನ್ನು ಅವಲಂಬಿಸಿದೆ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಎಂಬುದನ್ನೂ, ಅದಕ್ಕೂ ಹಳೆಯ ಆವೃತ್ತಿಗಳಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಎಂಬುದನ್ನೂ ಆರಿಸಿ, ಹೊಸ ಕಡತವೊಂದನ್ನು ತೆರೆದು ಪಠ್ಯವನ್ನು ಪುನಃ ಹಾಕಬೇಕು. ಹಳೆಯ ಕಡತದಲ್ಲೇ ನೋಡಿ ‘ಏನೂ ಬದಲಾಗಲಿಲ್ಲ’ ಎಂದು ಕೈಬಿಡುವವರೇ ಹೆಚ್ಚು. ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್ ಮತ್ತು ಜಿಂಪ್‌ಗಳಲ್ಲಿ ಈ ತೊಡಕಿಲ್ಲ. ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಅಕ್ಷರಶೈಲಿಯನ್ನು ಆರಿಸಿದರೆ ಒತ್ತುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಪಂಚಾಯಿತಿಯ ಸಣ್ಣ ಭಿತ್ತಿಪತ್ರಗಳಿಗೆ ಹಣ ತೆತ್ತು ಕೊಳ್ಳುವ ತಂತ್ರಾಂಶವೇ ಬೇಕೆಂದಿಲ್ಲ.

ಕನ್ನಡದ ಬದಲು ತಲೆಯ ಮೇಲೆ ಗೀರು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಕಂಡರೆ ಕಾರಣವೇ ಬೇರೆ. ಆ ಪಠ್ಯವು ಹಳೆಯ ನುಡಿ ಮೊದಲಾದ ಆಸ್ಕಿ ಪದ್ಧತಿಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದದ್ದು. ಅಲ್ಲಿ ರೋಮನ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಆಕೃತಿಯನ್ನು ಕೂರಿಸಲಾಗಿದೆ; ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ಮುಸುಕು ಕಳಚುತ್ತದೆ. ಜೋಡಣೆಯ ಅಗತ್ಯವೇ ಇಲ್ಲದ ಕಾರಣ ಹಳೆಯ ತಂತ್ರಾಂಶಗಳಲ್ಲಿ ಇದು ಸಲೀಸಾಗಿ ನಡೆಯುತ್ತಿತ್ತು; ಮುದ್ರಕರು ಇದನ್ನು ಬಿಡದಿರುವುದಕ್ಕೆ ಅದೇ ಕಾರಣ, ಅವರನ್ನು ಪೂರ್ತಿ ತಪ್ಪೆನ್ನಲಾಗದು. ಆದರೆ ಅದೇ ಪಠ್ಯವನ್ನು ವಾಟ್ಸಾಪ್‌ಗೆ ನಕಲಿಸಿದರೆ ಗ್ರಾಮಸ್ಥರ ಫೋನಿನಲ್ಲಿ ಅರ್ಥವಾಗದ ಗೀಚುಗಳಷ್ಟೇ ಕಾಣುತ್ತವೆ. ಅಕ್ಷರಶೈಲಿಯನ್ನು ಬದಲಿಸಿ ನೋಡುವುದರಿಂದ ಇದು ಸರಿಹೋಗುವುದಿಲ್ಲ. ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಮಾರ್ಪಡಿಸಿ, ಬಳಿಕ ಅರ್ಕಾವೊತ್ತು, ಹೆಸರು, ದಿನಾಂಕ, ಮೊಬಲಗುಗಳನ್ನು ಮೂಲದೊಂದಿಗೆ ತಾಳೆ ನೋಡಲೇಬೇಕು.

ಬರೀ ಚೌಕಗಳು ಕಂಡರೆ ಆಯ್ದ ಅಕ್ಷರಶೈಲಿಯಲ್ಲಿ ಕನ್ನಡವೇ ಇಲ್ಲವೆಂದು ಅರ್ಥ. ಕನ್ನಡದ ಅಕ್ಷರಶೈಲಿಯನ್ನು ಆರಿಸಿದರೆ ಸಾಕು.

ಪಂಚಾಯಿತಿಯಲ್ಲಿ ಸರಿಯಾಗಿದ್ದದ್ದು ಅಂಗಡಿಯಲ್ಲಿ ಕೆಡುವುದೂ ಉಂಟು. ಅಲ್ಲಿ ಅಕ್ಷರಶೈಲಿ ಇರದಿದ್ದರೆ ತಂತ್ರಾಂಶವು ಬೇರೊಂದನ್ನು ತುಂಬುತ್ತದೆ. ಆದುದರಿಂದ ಅಕ್ಷರಶೈಲಿಯನ್ನು ಒಳಗೊಂಡ ಪಿಡಿಎಫ್ ಕಳುಹಿಸಬೇಕು, ಇಲ್ಲವೇ ಅಕ್ಷರಗಳನ್ನು ರೇಖಾಕೃತಿಗಳನ್ನಾಗಿ ಪರಿವರ್ತಿಸಬೇಕು. ಇಂಕ್‌ಸ್ಕೇಪ್‌ನಲ್ಲಿ ‘ಪಾತ್’ ಪಟ್ಟಿಯಲ್ಲಿರುವ ‘ಆಬ್ಜೆಕ್ಟ್ ಟು ಪಾತ್’ ಇದನ್ನು ಮಾಡುತ್ತದೆ. ಪರಿವರ್ತಿಸಿದ ಮೇಲೆ ಕಾಗುಣಿತ ತಿದ್ದಲು ಬಾರದು. ಆದುದರಿಂದ ಈ ಕೆಲಸವನ್ನು ಪ್ರತಿಯೊಂದರ ಮೇಲೆ ಮಾಡಿ ಮೂಲ ಕಡತವನ್ನು ಹಾಗೆಯೇ ಇಟ್ಟುಕೊಳ್ಳತಕ್ಕದ್ದು.

ಚಿತ್ರ ಮಸುಕಾಗುವ ದೂರಿಗೆ ಲೆಕ್ಕವೇ ಉತ್ತರ. ಎ4 ಹಾಳೆಗೆ ಇಂಚಿಗೆ 300 ಬಿಂದುಗಳಂತೆ 2480 ಮತ್ತು 3508 ಬಿಂದುಗಳು ಬೇಕು. 1600 ಬಿಂದು ಅಗಲದ ಚಿತ್ರವನ್ನು 6 ಅಡಿಯ ಬಟ್ಟೆ ಬ್ಯಾನರಿಗೆ ಹಿಗ್ಗಿಸಿದರೆ ಇಂಚಿಗೆ ಸಿಗುವುದು ಸುಮಾರು 22 ಮಾತ್ರ. (ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದಲೇ ನಿಷಿದ್ಧ, ಪಂಚಾಯಿತಿಯೇ ಅದನ್ನು ಕಟ್ಟಿಸುವುದು ಶೋಭೆಯಲ್ಲ.) ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಬೇಕು.

ಈ ಕೆಲಸಗಳನ್ನು ಸದಸ್ಯರು ತಾವೇ ಮಾಡಬೇಕೆಂದಲ್ಲ. ಅವರ ಪಾಲಿನದು ಕರಡಚ್ಚು. ಒಂದೇ ಒಂದು ಪ್ರತಿಯನ್ನು ಮುದ್ರಿಸಿ ತರಿಸಿ, ಗಣಕಯಂತ್ರದ ಗೊಡವೆಯೇ ಇಲ್ಲದ ಸದಸ್ಯರೊಬ್ಬರಿಂದ ಗಟ್ಟಿಯಾಗಿ ಓದಿಸಬೇಕು. ಬರೆದವರ ಕಣ್ಣು ತಪ್ಪನ್ನು ಹಾರಿಸಿಕೊಂಡು ಹೋಗುತ್ತದೆ, ಹೊಸಬರ ನಾಲಿಗೆ ಅಲ್ಲಿಯೇ ಎಡವುತ್ತದೆ. ದಿನಾಂಕ, ಸ್ಥಳ, ಮೊಬಲಗು ಸರಿಯಿದೆಯೆಂದು ಕರಡಿನ ಮೇಲೆ ಸಹಿಯಾದ ಬಳಿಕವೇ ಉಳಿದ ಪ್ರತಿಗಳು ಅಚ್ಚಾಗಲಿ. ಬಿಲ್ಲು ಪಾವತಿಗೆ ಮುನ್ನ ತಿದ್ದಲು ಬರುವ ಮೂಲ ಕಡತ ಹಾಗೂ ಅದರಲ್ಲಿ ಬಳಸಿದ ಅಕ್ಷರಶೈಲಿಯ ಹೆಸರನ್ನು ಅಂಗಡಿಯಿಂದ ಪಡೆದು ಪಂಚಾಯಿತಿಯ ಗಣಕಯಂತ್ರದಲ್ಲಿ ಇರಿಸತಕ್ಕದ್ದು. ಮುಂದಿನ ಗ್ರಾಮ ಸಭೆಗೆ ಆಗ ದಿನಾಂಕವನ್ನಷ್ಟೇ ಬದಲಿಸಿದರೆ ಸಾಕಾಗುತ್ತದೆ.