ಮೆರಪಿಯ ಕಾವಲು

ಬೆಟ್ಟವೆಂದರೆ ಕದಲದ ವಸ್ತು ಎಂಬ ಭಾವನೆ ನಮ್ಮ ನುಡಿಯಲ್ಲಿಯೇ ಬೆರೆತುಹೋಗಿದೆ. ಅಚಲ, ನಗ, ಭೂಧರ ಎಂದು ಪರ್ವತಕ್ಕೆ ನಾವು ಕೊಟ್ಟಿರುವ ಹೆಸರುಗಳೆಲ್ಲ ಸ್ಥೈರ್ಯವನ್ನೇ ಸೂಚಿಸುತ್ತವೆ. ಇಂದು ನಾನು ಹೇಳಹೊರಟಿರುವುದು ದಿನದಿನವೂ ಉಬ್ಬುವ, ಬಿರಿಯುವ, ಕುಸಿಯುವ ಒಂದು ಪರ್ವತದ ವಿಷಯ. ಅದರ ಕದಲಿಕೆಯನ್ನು ಹಗಲಿರುಳೂ ಅಳೆಯುತ್ತ ಕುಳಿತವರ ವಿಷಯ.

ಇಂಡೊನೇಷ್ಯದ ಜಾವಾ ದ್ವೀಪದ ನಡುಭಾಗದಲ್ಲಿ ಯೋಗ್ಯಕರ್ತ ಎಂಬ ಪುರಾತನ ರಾಜಧಾನಿಯಿದೆ. ಅದರ ಉತ್ತರಕ್ಕೆ ಮೂವತ್ತು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ, ಸುಮಾರು 2,900 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ ಮೆರಪಿ. ಆ ಹೆಸರಿನ ಅರ್ಥವೇ ಬೆಂಕಿಯ ಬೆಟ್ಟ. ಶಿಖರದಿಂದ ಆಗಾಗ ಹೊಗೆ ಏಳುತ್ತಿರುತ್ತದೆ. ಇಳಿಜಾರಿನಲ್ಲಿ ಜನರು ಹಸುಗಳಿಗೆ ಹುಲ್ಲು ಕೊಯ್ಯುತ್ತಿರುತ್ತಾರೆ. ಈ ಎರಡು ದೃಶ್ಯಗಳು ಒಂದೇ ನೋಟಕ್ಕೆ ಸಿಗುವುದು ಮೆರಪಿಯ ವೈಶಿಷ್ಟ್ಯ.

ಬೆಂಕಿಯುಗುಳುವ ಬೆಟ್ಟದ ಮಗ್ಗುಲಲ್ಲಿ ಜನರೇಕೆ ವಾಸಿಸಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಮಣ್ಣಿನಲ್ಲಿದೆ. ನಮ್ಮ ಬಿಜಾಪುರ, ಕಲಬುರಗಿ ಸೀಮೆಗಳ ಎರೆಭೂಮಿ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಹರಿದು ಬಂದ ಲಾವಾರಸದ ಶಿಲೆ ಶಿಥಿಲಗೊಂಡು ಆದದ್ದು. ನಮಗೆ ಆ ಬೆಂಕಿ ಎಂದೋ ಆರಿತು, ಫಲವಷ್ಟೇ ಉಳಿಯಿತು. ಜಾವಾದ ರೈತನಿಗೆ ಫಲವೂ ಬೆಂಕಿಯೂ ಇನ್ನೂ ಒಟ್ಟಿಗೇ ಬರುತ್ತಿವೆ.

ಜಾವಾದ ದಕ್ಷಿಣಕ್ಕೆ, ಸಮುದ್ರದ ತಳದಲ್ಲಿ, ಭೂಮಿಯ ಹೊರಚಿಪ್ಪಿನ ಒಂದು ಫಲಕ ಇನ್ನೊಂದರ ಅಡಿಗೆ ನುಸುಳುತ್ತಿದೆ. ಆಳಕ್ಕಿಳಿದ ಶಿಲೆಯಿಂದ ಹೊರಬಂದ ನೀರು ಮೇಲಿನ ಬಿಸಿಬಂಡೆಯೊಳಗೆ ಸೇರಿ ಅದು ಕರಗುವಂತೆ ಮಾಡುತ್ತದೆ. ಹೀಗೆ ಹುಟ್ಟಿದ ಶಿಲಾರಸ ಮೆರಪಿಯ ಕೊಳವೆಯಲ್ಲಿ ಮೇಲೇರುತ್ತದೆ. ಆದರೆ ಅದು ಹವಾಯಿ ದ್ವೀಪದ ಲಾವಾದಂತೆ ಸರಾಗವಾಗಿ ಹರಿಯುವಂಥದಲ್ಲ. ಅಂಟಂಟಾಗಿ, ಗಟ್ಟಿಯಾಗಿ ಶಿಖರದ ಬಾಯಲ್ಲೇ ಗುಮ್ಮಟದಂತೆ ಗುಡ್ಡೆಗಟ್ಟುತ್ತದೆ. ಗುಮ್ಮಟ ಬೆಳೆದು ಬೆಳೆದು ತನ್ನ ಭಾರಕ್ಕೇ ಕುಸಿದಾಗ, ನೂರಾರು ಡಿಗ್ರಿ ಉಷ್ಣತೆಯ ಬೂದಿ, ಅನಿಲ, ಕಲ್ಲುಗಳು ಒಂದಾಗಿ ಗಂಟೆಗೆ ನೂರು ಕಿಲೋಮೀಟರನ್ನೂ ಮೀರಿದ ವೇಗದಿಂದ ಕಣಿವೆಗಳಲ್ಲಿ ಧುಮುಕುತ್ತವೆ. ಇಂಡೊನೇಷ್ಯದವರು ಇದನ್ನು ‘ಕಾದ ಮೋಡ’ ಎನ್ನುತ್ತಾರೆ. ಬೆಟ್ಟದ ಹಳ್ಳಿಗರು ಇದಕ್ಕೆ ಇಟ್ಟಿರುವ ಹೆಸರು ‘ವೆಧುಸ್ ಗೆಂಬೆಲ್’, ಅಂದರೆ ಗುಂಗುರು ಕೂದಲಿನ ಕುರಿ. ಸುರುಳಿ ಸುರುಳಿಯಾಗಿ ಇಳಿಯುವ ಆ ಹೊಗೆ ದೂರದಿಂದ ಕುರಿಯ ಉಣ್ಣೆಯಂತೆಯೇ ತೋರುತ್ತದೆ. ಅದು ಹತ್ತಿರ ಬಂದ ಮೇಲೆ ಓಡಿ ಪಾರಾಗುವ ಮಾತಿಲ್ಲ. ಆದುದರಿಂದ ಮೆರಪಿಯ ವಿಷಯದಲ್ಲಿ ಜೀವ ಉಳಿಸುವ ಉಪಾಯ ಒಂದೇ: ಮೋಡ ಇಳಿಯುವುದಕ್ಕೆ ಮೊದಲೇ ಜನ ಇಳಿಯಬೇಕು.

ಈ ಬೆಟ್ಟದ ಚರಿತ್ರೆಯನ್ನು ನೆಲದಲ್ಲಿಯೂ ಓದಬಹುದು. 1966ರಲ್ಲಿ ಯೋಗ್ಯಕರ್ತದ ಸಮೀಪ ರೈತನೊಬ್ಬ ಹೊಲ ಅಗೆಯುತ್ತಿದ್ದಾಗ ಅವನ ಗುದ್ದಲಿಗೆ ಕೆತ್ತನೆಯ ಕಲ್ಲು ತಾಕಿತು. ಆರು ಮೀಟರಿಗೂ ಹೆಚ್ಚು ಆಳಕ್ಕೆ ಅಗೆದಾಗ ಹೊರಬಂದುದು ಒಂಬತ್ತನೆಯ ಶತಮಾನದ ಸಾಂಬಿಸಾರಿ ಎಂಬ ಶಿವಾಲಯ. ಗರ್ಭಗುಡಿಯಲ್ಲಿ ಲಿಂಗ, ಹೊರಗೋಡೆಗಳಲ್ಲಿ ಗಣೇಶ, ದುರ್ಗೆ, ಅಗಸ್ತ್ಯರ ಮೂರ್ತಿಗಳು. ಮೆರಪಿ ಉಗುಳಿದ ಬೂದಿಯೂ ಹೊಳೆಗಳು ಹೊತ್ತು ತಂದ ಮರಳೂ ಅದನ್ನು ಶತಮಾನಗಳ ಕಾಲ ಮುಚ್ಚಿಟ್ಟಿದ್ದವು.

ಈಚಿನ ಚರಿತ್ರೆ ದಾಖಲೆಗಳಲ್ಲಿದೆ. 1872ರಲ್ಲಿ ಮಹಾಸ್ಫೋಟವೊಂದು ಆಯಿತು. 1930ರ ಡಿಸೆಂಬರಿನಲ್ಲಿ ಕಾದ ಮೋಡಗಳು ಪಶ್ಚಿಮದ ಇಳಿಜಾರಿನ ಹಳ್ಳಿಗಳ ಮೇಲೆ ಹಾಯ್ದು 1,300ಕ್ಕೂ ಹೆಚ್ಚು ಜನರನ್ನು ಕೊಂದವು. 1994ರ ನವೆಂಬರಿನಲ್ಲಿ ಗುಮ್ಮಟ ದಕ್ಷಿಣಕ್ಕೆ ಕುಸಿದಾಗ ತುರ್ಗೋ ಎಂಬ ಹಳ್ಳಿಯ ಒಂದು ಮದುವೆಮನೆಯೂ ಅದರ ದಾರಿಗೆ ಸಿಕ್ಕಿತು. ಆ ದುರಂತದಲ್ಲಿ ಸತ್ತವರು ಸುಮಾರು ಅರವತ್ತು ಮಂದಿ.

ಇಲ್ಲಿ ವೈಜ್ಞಾನಿಕ ಕಾವಲು ಆರಂಭವಾದುದು ಇನ್ನೊಂದು ಬೆಟ್ಟದ ದೆಸೆಯಿಂದ. 1919ರಲ್ಲಿ ಪೂರ್ವ ಜಾವಾದ ಕೆಲುದ್ ಸ್ಫೋಟಿಸಿ, ಅದರ ಶಿಖರದಲ್ಲಿದ್ದ ಸರೋವರದ ನೀರು ಕೆಸರಿನ ಮಹಾಪೂರವಾಗಿ ಇಳಿದು ಸುಮಾರು ಐದು ಸಾವಿರ ಜನರನ್ನು ಬಲಿತೆಗೆದುಕೊಂಡಿತು. ಮರುವರ್ಷವೇ ಅಂದಿನ ಡಚ್ ಸರಕಾರ ಜ್ವಾಲಾಮುಖಿಗಳ ಸಮೀಕ್ಷೆಗೆಂದು ಪ್ರತ್ಯೇಕ ಇಲಾಖೆಯನ್ನು ಸ್ಥಾಪಿಸಿತು. ಮೆರಪಿಯ ಸುತ್ತ ವೀಕ್ಷಣಾಲಯಗಳು ಎದ್ದವು. ಸ್ವಾತಂತ್ರ್ಯಾನಂತರ ಇಂಡೊನೇಷ್ಯದವರು ಆ ಕಾವಲನ್ನು ತಮ್ಮದಾಗಿಸಿಕೊಂಡು ಬೆಳೆಸಿದರು. ಸುತ್ತಣ ಐದು ಠಾಣೆಗಳಲ್ಲಿ ವೀಕ್ಷಕರು ಸರದಿಯಂತೆ ಕುಳಿತು ಬೆಟ್ಟವನ್ನು ನೋಡುತ್ತಾರೆ. ಯೋಗ್ಯಕರ್ತದ ಕೇಂದ್ರಕ್ಕೆ ವರದಿ ಹೋಗುತ್ತದೆ.

ಅವರು ನೋಡುವುದಾದರೂ ಏನನ್ನು? ಶಿಲಾರಸ ಮೇಲೇರುವಾಗ ಬಂಡೆಯನ್ನು ಸೀಳುತ್ತದೆ. ಆ ಸಣ್ಣ ನಡುಕಗಳನ್ನು ಭೂಕಂಪಮಾಪಕ ದಾಖಲಿಸುತ್ತದೆ. ಬಂಡೆ ಸೀಳುವ ಕಂಪನವೇ ಬೇರೆ, ಶಿಖರದಿಂದ ಕಲ್ಲು ಉರುಳುವ ಕಂಪನವೇ ಬೇರೆ. ಪಳಗಿದ ಕಣ್ಣು ಇವನ್ನು ವಿಂಗಡಿಸಬಲ್ಲುದು. ಶಿಖರದ ಬಳಿ ನೆಟ್ಟ ಕನ್ನಡಿಗೆ ಕೆಳಗಿನಿಂದ ಬೆಳಕಿನ ಕಿರಣವನ್ನು ಹಾಯಿಸಿ, ಅದು ಮರಳುವ ರೀತಿಯಿಂದ ದೂರವನ್ನು ಗಣಿಸುತ್ತಾರೆ. ದೂರ ಕಡಿಮೆಯಾದರೆ ಬೆಟ್ಟ ಉಬ್ಬುತ್ತಿದೆ ಎಂದರ್ಥ. ಹೊರಬರುವ ಗಂಧಕದ ಅನಿಲದ ಪ್ರಮಾಣ ಏರಿದರೆ ಹೊಸ ಶಿಲಾರಸ ಸಮೀಪಿಸಿದೆ ಎಂದು ಊಹಿಸುತ್ತಾರೆ. ಇವೆಲ್ಲವನ್ನೂ ಕೂಡಿಸಿ ಎಚ್ಚರಿಕೆಯನ್ನು ನಾಲ್ಕು ಮೆಟ್ಟಿಲುಗಳಲ್ಲಿ ಸಾರುತ್ತಾರೆ. ನಾಲ್ಕನೆಯದಕ್ಕೆ ‘ಆವಾಸ್’ ಎಂದು ಹೆಸರು. ಅದು ಹೊರಟಿತೆಂದರೆ ಅಪಾಯದ ವಲಯದವರು ಮನೆ ಬಿಡಬೇಕು.

ಆದರೆ ಮೆರಪಿಗೆ ಇನ್ನೊಬ್ಬ ಕಾವಲುಗಾರನೂ ಉಂಟು. ಯೋಗ್ಯಕರ್ತದ ಅರಮನೆ ಪ್ರತಿವರ್ಷ ಬೆಟ್ಟಕ್ಕೆ ಕಾಣಿಕೆ ಸಲ್ಲಿಸುತ್ತದೆ. ಅದನ್ನು ಮೇಲಕ್ಕೊಯ್ದು ಅರ್ಪಿಸುವ ಅಧಿಕಾರಿಯೇ ‘ಜುರು ಕುಂಚಿ’, ಎಂದರೆ ಬೀಗದಕೈ ಹಿಡಿದವನು. 1982ರಲ್ಲಿ ಸುಲ್ತಾನ್ ಒಂಬತ್ತನೆಯ ಹಮೆಂಗ್‌ಕುಬುವೋನೋ ಈ ಪದವಿಗೆ ನೇಮಿಸಿದವರು ಮರಿಜಾನ್. ಜನ ಅವರನ್ನು ‘ಮ್ಬಾ ಮರಿಜಾನ್’, ಅಂದರೆ ಮರಿಜಾನಜ್ಜ, ಎಂದು ಕರೆಯುತ್ತಿದ್ದರು. ದಕ್ಷಿಣದ ಇಳಿಜಾರಿನ ಕಿನಾಹ್ರೆಜೊ ಎಂಬ ಹಳ್ಳಿ ಅವರದು.

2006ರಲ್ಲಿ ಮೆರಪಿ ಎದ್ದಿತು. ಹಳ್ಳಿ ಬಿಡಬೇಕೆಂದು ಆಜ್ಞೆ ಬಂತು. ಮರಿಜಾನ್ ಕದಲಲಿಲ್ಲ, ಸುಲ್ತಾನರು ಒಪ್ಪಿಸಿದ ಕೆಲಸವನ್ನು ಬಿಟ್ಟು ಹೋಗಲಾರೆನೆಂಬುದು ಅವರ ನಿಲುವು. ಆ ಸಲ ಕಾದ ಮೋಡ ಬೇರೆ ಕಣಿವೆಯಲ್ಲಿ ಇಳಿಯಿತು. ಕಾಲಿಯಾದೆಮ್ ಎಂಬಲ್ಲಿ ರಕ್ಷಣೆಗೆಂದೇ ಕಟ್ಟಿದ್ದ ನೆಲಮಾಳಿಗೆಯಲ್ಲಿ ಅಡಗಿದ ಇಬ್ಬರು ಸತ್ತರು, ಮರಿಜಾನ್ ಬದುಕಿದರು. ದೇಶವೆಲ್ಲ ಅವರನ್ನು ಕೊಂಡಾಡಿತು. ಜಾಹೀರಾತುಗಳಲ್ಲಿಯೂ ಅವರ ಮುಖ ಕಾಣಿಸಿತು. ಎಚ್ಚರಿಕೆಗಿಂತ ಅಜ್ಜನ ಮಾತೇ ನಿಜವಾಯಿತೆಂಬ ನಂಬಿಕೆ ನೆರೆಹೊರೆಯಲ್ಲಿ ಬೇರೂರಿದ್ದರೆ ಅದರಲ್ಲಿ ಆಶ್ಚರ್ಯವೇನು?

2010ರಲ್ಲಿ ಬೆಟ್ಟ ಮತ್ತೆ ಎದ್ದಿತು. ಸೆಪ್ಟೆಂಬರಿನಲ್ಲಿ ದಿನಕ್ಕೆ ಕೆಲವು ಮಿಲಿಮೀಟರುಗಳಷ್ಟಿದ್ದ ಶಿಖರದ ಉಬ್ಬು ಅಕ್ಟೋಬರ್ ಕೊನೆಯ ವೇಳೆಗೆ ದಿನಕ್ಕೆ ಅರ್ಧ ಮೀಟರಿಗೆ ಏರಿತು. ಹಿಂದಿನ ಸ್ಫೋಟಗಳ ಮುನ್ನ ಕಂಡಿದ್ದ ಪ್ರಮಾಣಗಳನ್ನೆಲ್ಲ ನಡುಕಗಳೂ ಅನಿಲವೂ ಮೀರಿದವು. ನೂರು ವರ್ಷಗಳ ಅನುಭವ ವಿಜ್ಞಾನಿಗಳಿಗೆ ಹೇಳುತ್ತಿದ್ದುದು ಒಂದು: ಗುಮ್ಮಟ ಬೆಳೆಯುತ್ತದೆ, ಕುಸಿಯುತ್ತದೆ, ಏಳೆಂಟು ಕಿಲೋಮೀಟರಿನೊಳಗೆ ಕೇಡು ಮುಗಿಯುತ್ತದೆ. ಉಪಕರಣಗಳು ಹೇಳುತ್ತಿದ್ದುದೇ ಬೇರೆ. ವಿಜ್ಞಾನಿಗಳು ರೂಢಿಯನ್ನು ಬದಿಗಿಟ್ಟು ಉಪಕರಣಗಳನ್ನು ನಂಬಿದರು. ಅಕ್ಟೋಬರ್ 25ರಂದು ‘ಆವಾಸ್’ ಸಾರಿದರು. ಶಿಖರದಿಂದ ಹತ್ತು ಕಿಲೋಮೀಟರಿನೊಳಗಿನವರು ಹೊರಡಬೇಕೆಂದರು.

ಮರಿಜಾನ್ ಹೊರಡಲಿಲ್ಲ. ಮರುದಿನ ಸಂಜೆ ಐದರ ಸುಮಾರಿಗೆ, ಗುಮ್ಮಟ ಕಾಣಿಸಿಕೊಳ್ಳುವ ಮೊದಲೇ, ಶಿಖರ ಸಿಡಿಯಿತು. ಕಾದ ಮೋಡ ಕಿನಾಹ್ರೆಜೊವನ್ನು ಆವರಿಸಿತು. ಮರಿಜಾನರ ದೇಹ ಅವರ ಮನೆಯಲ್ಲಿ ಸಿಕ್ಕಿತು. ಅಂದು ಸತ್ತ ಮೂವತ್ತಕ್ಕೂ ಹೆಚ್ಚು ಜನರಲ್ಲಿ ಅವರನ್ನು ಕರೆತರಲೆಂದು ಮೇಲೆ ಹೋದವರೂ ಇದ್ದರು. ಸ್ವಾಮಿನಿಷ್ಠೆಯಿಂದ ನಿಂತ ವೃದ್ಧರನ್ನು ಮೂಢರೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಆದರೆ ಹಿಂದೊಮ್ಮೆ ಉಳಿದದ್ದು ಮುಂದಕ್ಕೆ ಅಭಯವಲ್ಲವೆಂಬುದನ್ನು ಅವರ ಸಾವು ಹೇಳುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ನವೆಂಬರ್ ಮೊದಲ ದಿನಗಳಲ್ಲಿ ಶಿಖರವನ್ನು ಬೂದಿ, ಮೋಡಗಳು ಮುಸುಕಿದಾಗ, ಅವುಗಳನ್ನು ಭೇದಿಸಿ ನೋಡಬಲ್ಲ ರೇಡಾರ್ ಉಪಗ್ರಹಗಳ ಚಿತ್ರಗಳನ್ನು ಹೊರದೇಶಗಳ ತಜ್ಞರು ಒದಗಿಸಿದರು. ಹೊಸ ಗುಮ್ಮಟ ಅಸಾಮಾನ್ಯ ವೇಗದಿಂದ ಬೆಳೆಯುತ್ತಿತ್ತು. ನಿಷಿದ್ಧ ವಲಯವನ್ನು ಹದಿನೈದು ಕಿಲೋಮೀಟರಿಗೆ, ಬಳಿಕ 4ನೆಯ ತಾರೀಖಿನ ರಾತ್ರಿ ಇಪ್ಪತ್ತಕ್ಕೆ ವಿಸ್ತರಿಸಿದರು. ಮಧ್ಯರಾತ್ರಿ ಕಳೆಯುತ್ತಲೇ 1872ರಿಂದೀಚೆಗಿನ ಅತಿ ದೊಡ್ಡ ಸ್ಫೋಟ ಆಯಿತು. ಗೆಂಡೋಲ್ ಹೊಳೆಯ ಕಣಿವೆಯಲ್ಲಿ ಕಾದ ಮೋಡ ಹದಿನೈದು ಕಿಲೋಮೀಟರ್ ದೂರದವರೆಗೂ ಇಳಿಯಿತು. ಆ ಋತುವಿನಲ್ಲಿ ಒಟ್ಟು ಸತ್ತವರು 350ಕ್ಕೂ ಹೆಚ್ಚು. ಮನೆ ಬಿಟ್ಟು ಹೊರಟಿದ್ದವರು ಸುಮಾರು ನಾಲ್ಕು ಲಕ್ಷ. ಎಚ್ಚರಿಕೆಯಿಂದಾಗಿ ಹತ್ತರಿಂದ ಇಪ್ಪತ್ತು ಸಾವಿರ ಜೀವಗಳು ಉಳಿದವೆಂಬುದು ವಿಜ್ಞಾನಿಗಳ ಅಂದಾಜು.

ಜೀವ ಉಳಿಸಿಕೊಂಡವರ ಕಷ್ಟ ಬೇರೆಯದು. ಬೆಟ್ಟದಲ್ಲಿ ಉಳಿದ ಹಸುಗಳಿಗೆ ಮೇವು ಹಾಕಲೆಂದು ಶಿಬಿರಗಳಿಂದ ಜನ ಕದ್ದು ಹಿಂತಿರುಗುತ್ತಿದ್ದರು. ಕೊನೆಗೆ ಸರಕಾರವೇ ಆ ದನಗಳನ್ನು ಕೊಳ್ಳುವುದಾಗಿ ಹೇಳಬೇಕಾಯಿತು. ಕೊಟ್ಟಿಗೆಯನ್ನು ಮರೆತ ಎಚ್ಚರಿಕೆ ಅರ್ಧ ಎಚ್ಚರಿಕೆ ಮಾತ್ರ. ಮಳೆಗಾಲದಲ್ಲಿ ಸಡಿಲ ಬೂದಿ ಹೊಳೆಗಳಲ್ಲಿ ಕೆಸರಾಗಿ ಹರಿದು, 2011ರ ಜನವರಿಯಲ್ಲಿ ಯೋಗ್ಯಕರ್ತ–ಮಾಗೆಲಾಂಗ್ ಹೆದ್ದಾರಿಯನ್ನೇ ಕಡಿಯಿತು. ಬೆಟ್ಟದ ಕೋಪ ಇಳಿದ ಮೇಲೂ ಕಾವಲು ಇಳಿಯುವಂತಿರಲಿಲ್ಲ.

ಈ ಅನುಭವದಿಂದ ಅಲ್ಲಿಯವರು ಕೆಲವು ವ್ಯವಸ್ಥೆಗಳನ್ನು ಮಾಡಿಕೊಂಡರು. ಅಪಾಯದ ಹಳ್ಳಿಗೊಂದು ಕೆಳಗಿನ ಹಳ್ಳಿಯನ್ನು ಜೊತೆಗೂಡಿಸಿ, ಸೋದರ ಗ್ರಾಮಗಳೆಂದು ಕರೆದರು. ಸ್ಥಳಾಂತರದ ವೇಳೆ ಎಲ್ಲಿಗೆ ಹೋಗಬೇಕು, ಯಾರು ಬರಮಾಡಿಕೊಳ್ಳಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಇಳಿಜಾರಿನ ಹಳ್ಳಿಗಳವರೇ ನಡೆಸುವ ಸಣ್ಣ ಬಾನುಲಿ ಕೇಂದ್ರಗಳು ಬೆಟ್ಟದ ಸುದ್ದಿಯನ್ನು ಊರಿನ ಮಾತಿನಲ್ಲಿಯೇ ಹೇಳುತ್ತ ಬಂದಿವೆ. 2018ರಲ್ಲಿ ಹೊಸ ಗುಮ್ಮಟ ಮೂಡಿತು. 2020ರ ನವೆಂಬರಿನಲ್ಲಿ ಎಚ್ಚರಿಕೆಯನ್ನು ಮೂರನೆಯ ಮೆಟ್ಟಿಲಿಗೆ ಏರಿಸಿದರು. 2023ರ ಮಾರ್ಚಿಯಲ್ಲಿ ಕಾದ ಮೋಡಗಳಿಳಿದು ಹಳ್ಳಿಗಳ ಮೇಲೆ ಬೂದಿ ಸುರಿಯಿತು.

2010ರ ದಿನಗಳಲ್ಲಿ ಇಂಡೊನೇಷ್ಯದ ಜ್ವಾಲಾಮುಖಿ ಕೇಂದ್ರದ ಮುಖ್ಯಸ್ಥರಾಗಿದ್ದವರು ಸುರೋನೋ ಎಂಬ ಭೂವಿಜ್ಞಾನಿ. ದಿನವೂ ಜನರ ಮುಂದೆ ಬಂದು, ಬೆಟ್ಟ ಏನು ಮಾಡುತ್ತಿದೆ, ಏಕೆ ಇಳಿಯಬೇಕು ಎಂಬುದನ್ನು ಅವರು ಸರಳವಾಗಿ ಹೇಳುತ್ತಿದ್ದರು. ಜನ ಅವರಿಗೂ ಒಂದು ಹೆಸರಿಟ್ಟರು: ‘ಮ್ಬಾ ರೋನೋ’, ರೋನೋ ಅಜ್ಜ. ವಿಜ್ಞಾನಕ್ಕೆ ಸಿಕ್ಕ ಬಿರುದುಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ. ಭೂಕಂಪಮಾಪಕದ ಮುಳ್ಳು ಗೆರೆಯನ್ನಷ್ಟೇ ಎಳೆಯಬಲ್ಲುದು. ಆ ಗೆರೆಯನ್ನು ನಂಬಿ ಒಬ್ಬ ತಾಯಿ ಉರಿಯುವ ಒಲೆಯನ್ನು ಆರಿಸಿ, ಮಗುವನ್ನೆತ್ತಿಕೊಂಡು ಇಳಿಜಾರಿನಲ್ಲಿ ಹೆಜ್ಜೆ ಹಾಕಬೇಕಾದರೆ, ಹೇಳುವವರು ಅವಳಿಗೆ ಮನೆಯ ಹಿರಿಯರಂತೆ ತೋರಬೇಕು.