ಕಿಮೋಗೆ ಮೊದಲೇ ಒಡೆಯುವ ಗಡ್ಡೆ



ವೈದ್ಯರ ಸಮ್ಮೇಳನದ ಅಧ್ಯಕ್ಷರಾದವರು ವೃತ್ತಿಯ ಕಷ್ಟಸುಖಗಳನ್ನೆಲ್ಲ ಒಂದೊಂದು ಮಾತಿನಲ್ಲಿ ಮುಟ್ಟಿ ಹೋಗುವುದು ವಾಡಿಕೆ. ಇಂದು ಅದನ್ನು ಬದಿಗಿಟ್ಟು ಒಂದೇ ಸಂಗತಿಯನ್ನು ಹಿಡಿದು ಮಾತಾಡುತ್ತೇನೆ. ಕಿಮೋಥೆರಪಿಯ ಒಂದು ಹನಿಯೂ ಮೈಗೆ ಸೇರುವ ಮುನ್ನ ಕ್ಯಾನ್ಸರ್ ಗಡ್ಡೆಯ ಕೋಶಗಳು ತಾವಾಗಿ ಒಡೆದು ರೋಗಿಯ ಕಿಡ್ನಿಯನ್ನೂ ಹೃದಯವನ್ನೂ ಅಪಾಯಕ್ಕೆ ಒಡ್ಡುವ ಸ್ಥಿತಿಯೊಂದಿದೆ. ಸ್ಪಾಂಟೇನಿಯಸ್ ಟ್ಯೂಮರ್ ಲೈಸಿಸ್ ಸಿಂಡ್ರೋಮ್ ಎಂದು ಅದರ ಹೆಸರು. ಅದು ಅಪರೂಪವೆಂಬುದು ನಿಜ. ಆದರೆ ಅದು ನಮ್ಮ ಕಣ್ತಪ್ಪಿಸಿಕೊಳ್ಳುವುದು ಅಪರೂಪವಾಗಿರುವುದರಿಂದ ಮಾತ್ರವಲ್ಲ, ನಾವು ಹುಡುಕಲು ಹೊರಡುವ ಹೊತ್ತು ತಡವಾಗಿರುವುದರಿಂದ ಎಂಬುದು ನನ್ನ ವಾದ.

ಔಷಧಿಯೇ ಇಲ್ಲದೆ ಗಡ್ಡೆ ಏಕೆ ಒಡೆಯಬೇಕು? ಕ್ಯಾನ್ಸರ್ ಕೋಶಕ್ಕೆ ಸಾವಿಲ್ಲ ಎಂಬ ಜನಪ್ರಿಯ ನಂಬಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಉಗಾಂಡದಲ್ಲಿ ಸರ್ಜನ್ ಆಗಿದ್ದ ಡೆನಿಸ್ ಬರ್ಕಿಟ್ 1958ರಲ್ಲಿ ವರ್ಣಿಸಿದ, ಇಂದು ಅವರ ಹೆಸರನ್ನೇ ಹೊತ್ತಿರುವ ಲಿಂಫೋಮಾವನ್ನು ನೋಡಿ. ಒಂದೆರಡು ದಿನಗಳಲ್ಲೇ ಅದು ಇಮ್ಮಡಿಯಾಗಬಲ್ಲದು. ಅಷ್ಟು ಅವಸರದಲ್ಲಿ ಹುಟ್ಟುವ ಕೋಶಗಳಲ್ಲಿ ಸಾಯುವವೂ ಬಹಳ. ಸೂಕ್ಷ್ಮದರ್ಶಕದಲ್ಲಿ ಒತ್ತೊತ್ತಾದ ನೀಲಿ ಕೋಶಗಳ ನಡುವೆ ಕಾಣುವ ತಿಳಿ ಚುಕ್ಕೆಗಳು ಸತ್ತ ಕೋಶಗಳನ್ನು ನುಂಗುತ್ತಿರುವ ಮ್ಯಾಕ್ರೊಫೇಜ್‌ಗಳೇ. ಇದನ್ನು ತಾರೆ ತುಂಬಿದ ಆಕಾಶವೆಂದು ಗುರುತಿಸಿದ ವಿದ್ಯಾರ್ಥಿಗೆ ಪೆಥಾಲಜಿ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಔಷಧಿ ಮುಟ್ಟದ ಗಡ್ಡೆಯೊಳಗಿನ ಸಾವಿನ ಲೆಕ್ಕ ಅದು ಎಂದು ವಾರ್ಡಿನಲ್ಲಿ ನೆನೆಯುವವರು ಕಡಿಮೆ. ಸತ್ತ ಕೋಶದಿಂದ ಪೊಟ್ಯಾಸಿಯಂ, ಫಾಸ್ಫೇಟ್ ಸೋರುತ್ತವೆ, ಅದರ ಪ್ಯೂರಿನ್‌ಗಳು ಯೂರಿಕ್ ಆಮ್ಲವಾಗುತ್ತವೆ. ಬಹುಪಾಲು ಸಸ್ತನಿಗಳಲ್ಲಿ ಯೂರಿಕ್ ಆಮ್ಲವನ್ನು ಮತ್ತಷ್ಟು ಒಡೆಯುವ ಕಿಣ್ವವಿದೆ. ವಿಕಾಸದ ಹಾದಿಯಲ್ಲಿ ಮನುಷ್ಯ ಅದನ್ನು ಕಳೆದುಕೊಂಡ. ಹಾಗಾಗಿ ಹೊರೆಯ ಹೆಚ್ಚಿನ ಪಾಲು ಕಿಡ್ನಿಯ ಮೇಲೆ ಬೀಳುತ್ತದೆ. ಆಮ್ಲೀಯ ಮೂತ್ರದಲ್ಲಿ ಯೂರಿಕ್ ಆಮ್ಲ ಹರಳುಗಟ್ಟಿ ಸೂಕ್ಷ್ಮನಾಳಗಳನ್ನು ಮುಚ್ಚುತ್ತದೆ. ಮೂತ್ರ ಕಡಿಮೆಯಾದಷ್ಟೂ ಪೊಟ್ಯಾಸಿಯಂ ಏರಿ ಹೃದಯದ ಲಯ ತಪ್ಪುತ್ತದೆ.

ಇದೆಲ್ಲ ಗೊತ್ತಿದ್ದೂ ನಮ್ಮ ಗಡಿಯಾರ ಚಿಕಿತ್ಸೆಯಿಂದಲೇ ಓಡಲಾರಂಭಿಸುತ್ತದೆ. ಈ ಸಿಂಡ್ರೋಮನ್ನು ಗುರುತಿಸಲು ಬಳಸುವ 2004ರ ಕೈರೊ–ಬಿಷಪ್ ಮಾನದಂಡ ಎಣಿಸುವುದು ಕಿಮೋಗೆ ಮೂರು ದಿನ ಮೊದಲಿನಿಂದ ಏಳು ದಿನ ನಂತರದವರೆಗೆ. ಡೆಸಿಲೀಟರ್‌ಗೆ ಯೂರಿಕ್ ಆಮ್ಲ 8 ಮಿಲಿಗ್ರಾಂ, ಲೀಟರ್‌ಗೆ ಪೊಟ್ಯಾಸಿಯಂ 6 ಮಿಲಿಮೋಲ್, ವಯಸ್ಕರಲ್ಲಿ ಡೆಸಿಲೀಟರ್‌ಗೆ ಫಾಸ್ಫೇಟ್ 4.5 ಮಿಲಿಗ್ರಾಂ ತಲುಪುವುದು ಅಥವಾ ದಾಟುವುದು, ಕ್ಯಾಲ್ಸಿಯಂ 7 ಮಿಲಿಗ್ರಾಂಗೆ ಅಥವಾ ಅದಕ್ಕಿಂತ ಕೆಳಗೆ ಇಳಿಯುವುದು, ಇವುಗಳಲ್ಲಿ ಎರಡಾದರೂ ಇರಬೇಕು. ಸಂಶೋಧನೆಯಲ್ಲಿ ಒಂದು ರೋಗಿಗುಂಪನ್ನು ಇನ್ನೊಂದಕ್ಕೆ ಹೋಲಿಸಲು ಇದು ಒಳ್ಳೆಯ ಅಳತೆಗೋಲು. ಆದರೆ ಹೊಟ್ಟೆ ಉಬ್ಬಿ, ಮೂತ್ರ ಕಡಿಮೆಯಾಗಿ ತಾಲೂಕು ಆಸ್ಪತ್ರೆಗೆ ಬರುವ ಹುಡುಗನಿಗೆ ಕಿಮೋ ದಿನಾಂಕವೆಂಬುದೇ ಇಲ್ಲ. ಕ್ಯಾನ್ಸರ್ ಎಂಬ ಹೆಸರೂ ಇನ್ನೂ ಬಂದಿರುವುದಿಲ್ಲ. ಅಲ್ಲಿಂದ ಜಿಲ್ಲಾಸ್ಪತ್ರೆ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಬಯಾಪ್ಸಿ, ಅದರ ವರದಿಗಾಗಿ ಕಾಯುವಿಕೆ. ಗಡ್ಡೆ ಇಮ್ಮಡಿಸಲು ಬೇಕಾದ ಸಮಯಕ್ಕಿಂತ ಈ ದಾರಿ ಉದ್ದ. ಆದ್ದರಿಂದ ವೇಗವಾಗಿ ಬೆಳೆಯುವ ರಕ್ತ ಕ್ಯಾನ್ಸರ್, ಲಿಂಫೋಮಾ, ಅಥವಾ ಲಿವರ್‌ಗೆ ದೊಡ್ಡದಾಗಿ ಹರಡಿದ ಘನ ಗಡ್ಡೆಯ ಸಂಶಯ ಬಂದ ದಿನವೇ ಮೊದಲ ದಿನವಾಗಬೇಕು. ಆ ದಿನವೇ ಯೂರಿಕ್ ಆಮ್ಲ, ಪೊಟ್ಯಾಸಿಯಂ, ಫಾಸ್ಫೇಟ್, ಕ್ಯಾಲ್ಸಿಯಂ, ಕ್ರಿಯಾಟಿನಿನ್, ಎಲ್‌ಡಿಎಚ್ ನೋಡಬೇಕು, ಇಸಿಜಿ ತೆಗೆಯಬೇಕು.

ಒಂದು ಸೂಕ್ಷ್ಮವನ್ನು ಇಲ್ಲಿ ಬಿಡುವಂತಿಲ್ಲ. ಕಿಮೋ ನಂತರದ ಲೈಸಿಸ್‌ನಲ್ಲಿ ಫಾಸ್ಫೇಟ್ ಎದ್ದು ಕಾಣುತ್ತದೆ. ತಾನಾಗಿ ಬರುವ ಬಗೆಯಲ್ಲಿ ಅದು ಅಷ್ಟು ಏರದೇ ಇರಬಹುದು. ಹೊಸದಾಗಿ ಹುಟ್ಟುತ್ತಿರುವ ಕೋಶಗಳು ಸತ್ತವುಗಳ ಫಾಸ್ಫೇಟನ್ನು ಮತ್ತೆ ಬಳಸಿಕೊಳ್ಳುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಫಾಸ್ಫೇಟ್ ಸರಿಯಿದೆಯೆಂದು ಸಂಶಯ ಕೈಬಿಟ್ಟರೆ ನಾವು ಹುಡುಕುತ್ತಿರುವುದನ್ನೇ ಬಿಟ್ಟಂತಾಗುತ್ತದೆ.

ಆಕ್ಷೇಪಗಳು ಬರಲಿ. ಕಿಡ್ನಿ ಕೆಟ್ಟ ಯಾರಲ್ಲೂ ಈ ಸಂಖ್ಯೆಗಳೆಲ್ಲ ಏರುಪೇರಾಗುತ್ತವಲ್ಲ, ಇದರಲ್ಲೇನು ವಿಶೇಷ ಎನ್ನಬಹುದು. ಸರಿ, ಆದರೆ ಕ್ರಿಯಾಟಿನಿನ್‌ಗೆ ಹೋಲಿಸಿದರೆ ಯೂರಿಕ್ ಆಮ್ಲ ಅತಿಯಾಗಿದ್ದರೆ, ಮೂತ್ರದಲ್ಲೂ ಕ್ರಿಯಾಟಿನಿನ್‌ಗಿಂತ ಯೂರಿಕ್ ಆಮ್ಲವೇ ಹೆಚ್ಚಿದ್ದರೆ, ಕಾರಣ ಕಿಡ್ನಿಯ ಆಚೆ ಇದೆ ಎಂದು ಶಂಕಿಸಬೇಕು. ಬಿಳಿ ರಕ್ತಕಣಗಳು ಲಕ್ಷಗಟ್ಟಲೆ ಇದ್ದಾಗ ಅವು ಟ್ಯೂಬಿನಲ್ಲೇ ಒಡೆದು ಪೊಟ್ಯಾಸಿಯಂ ಸುಳ್ಳಾಗಿ ಏರಿದಂತೆ ಕಾಣುತ್ತದೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಅದಕ್ಕೆ ಇಸಿಜಿ ನೋಡಿ, ಎಚ್ಚರದಿಂದ ತೆಗೆದ ಮಾದರಿಯನ್ನು ತಡಮಾಡದೆ ಮತ್ತೆ ಪರೀಕ್ಷಿಸುವುದೇ ದಾರಿ, ಪರೀಕ್ಷೆಯನ್ನೇ ಬಿಡುವುದಲ್ಲ. ಅಪರೂಪದ ಕಾಯಿಲೆಗೆ ಎಲ್ಲರ ರಕ್ತ ತೆಗೆಯಬೇಕೆ ಎಂದರೆ, ಎಲ್ಲರದ್ದೆಂದು ನಾನು ಹೇಳುತ್ತಿಲ್ಲ. ಮೇಲೆ ಹೇಳಿದ ಸಂಶಯವಿರುವವರದು ಸಾಕು.

ದುಬಾರಿ ಔಷಧಿಯಿಲ್ಲದೆ ಪತ್ತೆಹಚ್ಚಿ ಏನು ಪ್ರಯೋಜನ ಎಂಬ ಪ್ರಶ್ನೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಮೊದಲ ಚಿಕಿತ್ಸೆ ಪೊಟ್ಯಾಸಿಯಂ ಇಲ್ಲದ ಸಲೈನ್. ಹೃದಯ ತಡೆದರೆ, ಮೂತ್ರ ಹೊರಡುತ್ತಿದ್ದರೆ, ದಿನಕ್ಕೆ ಪ್ರತಿ ಚದರ ಮೀಟರ್ ಮೈಮೇಲ್ಮೈಗೆ ಎರಡು–ಮೂರು ಲೀಟರ್. ಅದು ಯಾವ ಆಸ್ಪತ್ರೆಯಲ್ಲಿಲ್ಲ? ಅಲೋಪ್ಯೂರಿನಾಲ್ ಅಗ್ಗ, ಆದರೆ ಹೊಸ ಯೂರಿಕ್ ಆಮ್ಲ ಹುಟ್ಟದಂತೆ ತಡೆಯುತ್ತದೆಯೇ ಹೊರತು ಈಗಾಗಲೇ ತುಂಬಿರುವುದನ್ನು ಕರಗಿಸದು. ಅದಕ್ಕೆ ರಾಸ್ಬುರಿಕೇಸ್ ಎಂಬ ಆ ದುಬಾರಿ ಔಷಧಿ ಬೇಕು. ಪೂರ್ಣ ಪ್ರಮಾಣಕ್ಕಿಂತ ಕಡಿಮೆಯ ಒಂದೇ ಡೋಸ್ ಅನೇಕರಲ್ಲಿ ಸಾಲುತ್ತದೆಂಬುದು ಖರ್ಚಿನ ಆಕ್ಷೇಪಕ್ಕೆ ಅರ್ಧ ಉತ್ತರ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ ಮಾತ್ರ ಇದನ್ನು ಕೊಡಬಾರದು, ರಕ್ತಕಣಗಳು ಒಡೆಯುತ್ತವೆ. ಮೂತ್ರವನ್ನು ಕ್ಷಾರೀಯಗೊಳಿಸಲು ಸೋಡಿಯಂ ಬೈಕಾರ್ಬನೇಟ್ ಕೊಡುವ ಹಳೆಯ ಅಭ್ಯಾಸ ಈಗ ಬೇಡ. ಅದು ಕ್ಯಾಲ್ಸಿಯಂ ಫಾಸ್ಫೇಟ್ ಕಿಡ್ನಿಯಲ್ಲಿ ಗಟ್ಟಿಗೊಳ್ಳಲು ದಾರಿ ಮಾಡುತ್ತದೆ. ಇನ್ನು ಡಯಾಲಿಸಿಸ್. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ 2016ರಿಂದೀಚೆಗೆ ಯಂತ್ರಗಳು ಜಿಲ್ಲಾಸ್ಪತ್ರೆಗಳಿಗೆ ಬಂದಿವೆ. ಅವನ್ನು ದೀರ್ಘಕಾಲದ ಕಿಡ್ನಿ ರೋಗಿಗಳಿಗಷ್ಟೇ ಎಂದು ಭಾವಿಸದೆ, ಈ ತುರ್ತಿಗೂ ಬೇಗ ಬಳಸಬೇಕು. ಕಿಡ್ನಿ ಸುಧಾರಿಸಲಿ, ಆಮೇಲೆ ಕ್ಯಾನ್ಸರ್ ನೋಡೋಣ ಎಂದು ವಾರಗಟ್ಟಲೆ ಮುಂದೂಡುವುದೂ ಅಪಾಯ, ಏಕೆಂದರೆ ಕಿಡ್ನಿ ಕೆಡಿಸುತ್ತಿರುವುದೇ ಆ ಗಡ್ಡೆ. ಕಿಮೋವನ್ನು ಮೆಲ್ಲಗೆ, ಪೂರ್ವಹಂತದ ಸಣ್ಣ ಪ್ರಮಾಣದಿಂದ, ಡಯಾಲಿಸಿಸ್ ಬೆಂಬಲದಲ್ಲೇ ಶುರುಮಾಡಬಹುದು.

ಸ್ಟೀರಾಯ್ಡ್ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಕಹಿಯಾಗಬಹುದು. ಕೊರಳಲ್ಲಿ ಗಂಟು, ಮಲಗಿದರೆ ಉಬ್ಬಸ ಎಂದು ಬಂದವರಿಗೆ ಎಕ್ಸ್‌ರೇ ಕೂಡ ನೋಡದೆ ಡೆಕ್ಸಾಮೆಥಾಸೋನ್ ಚುಚ್ಚುವುದು ನಮ್ಮಲ್ಲಿ ತೀರಾ ಸಲೀಸು. ಗಂಟು ಲಿಂಫೋಮಾದ್ದಾಗಿದ್ದರೆ ಆ ಒಂದು ಇಂಜೆಕ್ಷನ್ನೇ ಕಿಮೋ. ಲೈಸಿಸ್ ಆರಂಭಿಸಬಲ್ಲದು, ಬಯಾಪ್ಸಿಯನ್ನೂ ಮಸುಕಾಗಿಸಬಲ್ಲದು. ಶ್ವಾಸನಾಳ ಮುಚ್ಚುತ್ತಿರುವ ರೋಗಿಗೆ ಕೊಡಲೇಬೇಕಾದೀತು, ಒಪ್ಪುತ್ತೇನೆ. ಆಗಲೂ ಕೊಡುವ ಮುನ್ನ ರಕ್ತದ ಮಾದರಿ ತೆಗೆದಿಡಿ, ಕೊಟ್ಟ ಹೊತ್ತನ್ನು ರೆಫರಲ್ ಚೀಟಿಯಲ್ಲಿ ಬರೆಯಿರಿ. ತಾನಾಗಿ ಆದದ್ದೋ ನಾವು ಮಾಡಿದ್ದೋ ಎಂದು ಮುಂದಿನ ವೈದ್ಯರಿಗೆ ತಿಳಿಯುವುದು ಆ ಒಂದು ಸಾಲಿನಿಂದ.

ಈ ಸಮ್ಮೇಳನ ಒಂದು ನಿರ್ಣಯ ಮಾಡುವುದಾದರೆ ರೆಫರಲ್ ಚೀಟಿಯ ಬಗ್ಗೆಯೇ ಮಾಡಲಿ. ಕ್ಯಾನ್ಸರ್ ಸಂಶಯದ ಚೀಟಿಯಲ್ಲಿ ಯೂರಿಕ್ ಆಮ್ಲ, ಪೊಟ್ಯಾಸಿಯಂ, ಫಾಸ್ಫೇಟ್, ಕ್ಯಾಲ್ಸಿಯಂ, ಕ್ರಿಯಾಟಿನಿನ್, ಕಳೆದ ಆರು ಗಂಟೆಯ ಮೂತ್ರದ ಪ್ರಮಾಣ ಮತ್ತು ಸ್ಟೀರಾಯ್ಡ್ ಕೊಟ್ಟ ಹೊತ್ತು, ಇಷ್ಟಕ್ಕೆ ಅಚ್ಚಾದ ಜಾಗವಿರಲಿ. ರಾಸ್ಬುರಿಕೇಸ್ ಪಡೆದವರ ರಕ್ತ ಐಸಿನಲ್ಲಿಟ್ಟು ಹೋಗಬೇಕೆಂದು ಅದರ ಕೆಳಗೇ ಬರೆದಿರಲಿ. ಇಲ್ಲವಾದರೆ ಔಷಧಿ ಟ್ಯೂಬಿನಲ್ಲೂ ಕೆಲಸ ಮುಂದುವರಿಸಿ ಯೂರಿಕ್ ಆಮ್ಲವನ್ನು ಸುಳ್ಳಾಗಿ ಇಳಿಸಿ ತೋರಿಸುತ್ತದೆ. ಕರಡನ್ನು ಮಧ್ಯಾಹ್ನದ ಗೋಷ್ಠಿಯ ಮುಂದಿಡುತ್ತಿದ್ದೇನೆ, ತಿದ್ದಿ ಕೊಡಿ.